ಮಿಂಟ್ 22: ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಆಗದಿರುವುದಕ್ಕೆ

ಲಿನಕ್ಸ್ ಮಿಂಟ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ 21.3ರಿಂದ 22ಕ್ಕೆ ಹೋದ ಮೇಲೆ, ಪಾಸ್‌ವರ್ಡ್ ಕೊಟ್ಟರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬರುತ್ತಿದೆ ಅಂದಿದ್ದೀರಿ, ಅಲ್ವಾ? ಪಾಸ್‌ವರ್ಡ್ ತಪ್ಪಾಗಿದ್ದರೆ ಅಲ್ಲೇ ಹೇಳುತ್ತಿತ್ತು. ನಿಮ್ಮನ್ನು ಒಳಗೆ ಬಿಟ್ಟಿದೆ, ಡೆಸ್ಕ್‌ಟಾಪ್ ಮಾತ್ರ ಶುರುವಾಗುತ್ತಿಲ್ಲ. ಸುಮ್ನೆ ರೀಇನ್‌ಸ್ಟಾಲ್ ಮಾಡಲು ಹೋಗಬೇಡಿ.

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಬರೀ ಅಕ್ಷರಗಳ ಪರದೆಯಲ್ಲಿ ಲಾಗಿನ್ ಆಗಿ. ಮೊದಲು ಡಿಎಫ್ ಕಮಾಂಡ್ ಕೊಟ್ಟು ಡಿಸ್ಕ್ ತುಂಬಿದೆಯಾ ನೋಡಿ. ಜಾಗ ಇದ್ದರೆ, ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ 'ಎಕ್ಸ್‌ಅಥಾರಿಟಿ' ಫೈಲ್ (ಡೆಸ್ಕ್‌ಟಾಪ್ ಪರದೆ ಬಳಸಲು ಬೇಕಾದ ಅನುಮತಿ ಇದರಲ್ಲಿರುತ್ತದೆ) ಯಾರ ಹೆಸರಲ್ಲಿದೆ ನೋಡಿ. ನಿಮ್ಮ ಹೆಸರಿರಬೇಕಾದ ಕಡೆ ರೂಟ್ (ಸಿಸ್ಟಮ್‌ನ ಅಡ್ಮಿನ್ ಖಾತೆ) ಅಂತಿದ್ದರೆ ಬಹುಪಾಲು ಅದೇ ಕಾರಣ. ಎಂವಿ ಕಮಾಂಡ್‌ನಿಂದ ಅದಕ್ಕೆ ಬೇರೆ ಹೆಸರು ಕೊಡಿ. ಮುಂದಿನ ಲಾಗಿನ್‌ನಲ್ಲಿ ಹೊಸ ಫೈಲ್ ತಾನಾಗಿ ಹುಟ್ಟುತ್ತದೆ.

ಆಗಲೂ ಆಗದಿದ್ದರೆ, ಹೋಮ್ ಫೋಲ್ಡರಿನಲ್ಲೇ ಇರುವ, ಇದೂ ಚುಕ್ಕೆಯಿಂದ ಶುರುವಾಗುವ 'ಎಕ್ಸ್‌ಸೆಷನ್-ಎರರ್ಸ್' ಫೈಲಿನ (ದೋಷಗಳು ದಾಖಲಾಗುವ ಫೈಲ್) ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆಯಾ ಅಂತಲೂ ತಿಳಿಸಿ.