ಮಳೆಗಾಲದಲ್ಲಿ ಸ್ವಿಚ್‌ಬೋರ್ಡ್ ಪಕ್ಕದ ಗೋಡೆ ಜುಮ್ಮೆನ್ನುತ್ತೆ. ಹಳೇ ಮನೆ, ಎಂಸಿಬಿ ಹಾಕಿಸಿದರೆ ಸಾಕಾ?

ನೀವು ಕೇಳಿರೋದರ ಸಾರ ಇಷ್ಟು: ಮಲೆನಾಡಿನ ಹಂಚಿನ ಮನೆ, ಎಪ್ಪತ್ತರ ದಶಕದ ವೈರಿಂಗ್, ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದ ವೈರು, ಕಿಟ್‌ಕ್ಯಾಟ್ ಫ್ಯೂಸು (ತಂತಿ ಕಟ್ಟಿ ಸಿಕ್ಕಿಸುವ ಪಿಂಗಾಣಿ ಫ್ಯೂಸು). ಮಳೆ ಹಿಡಿದರೆ ಬಚ್ಚಲ ಕಡೆಯ ಬೋರ್ಡಿನ ಪಕ್ಕದ ಗೋಡೆ ಮುಟ್ಟಿದಾಗ ಜುಮ್ಮೆನ್ನುತ್ತೆ. ಈಗ ಗೀಸರ್ ಹಾಕಿಸಬೇಕು, ಎಲೆಕ್ಟ್ರಿಷಿಯನ್ನು "ಒಂದು ಎಂಸಿಬಿ ಹಾಕಿಬಿಡೋಣ" ಅಂದಿದ್ದಾರೆ.

ಸಾಲದು. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಅದು ಕಾಯೋದು ವೈರನ್ನು; ನಿಮ್ಮನ್ನು ಕಾಯೋಕೆ ಆರ್‌ಸಿಸಿಬಿ ಅನ್ನೋ ಬೇರೆಯದೇ ಸಾಧನ ಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇವತ್ತೇ ಆಗಬೇಕಾದ್ದು. ಮೇನ್ ಆಫ್ ಮಾಡಿ, ಆ ಬೋರ್ಡಿಗೆ ಹೋಗುವ ಕಿಟ್‌ಕ್ಯಾಟ್ ಕಿತ್ತು ಬೇರೆ ಕಡೆ ಎತ್ತಿಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಲೇಬೇಕು. ಮೇನ್ ಆಫ್ ಆದ ತಕ್ಷಣ ಅದು ಬ್ಯಾಟರಿಯಿಂದ 230 ವೋಲ್ಟ್ ಕೊಡೋಕೆ ಶುರು ಮಾಡುತ್ತೆ, ನೀವು ಸತ್ತಿದೆ ಅಂದುಕೊಂಡ ವೈರು ಜೀವಂತ ಇರುತ್ತೆ. ಇನ್ನೊಂದು ಮೋಸ ಹಳೇ ಕಬ್ಬಿಣದ ಮೇನ್ ಸ್ವಿಚ್ಚಿನದು. ಅದರಲ್ಲಿ ಫೇಸಿಗೊಂದು (ಕರೆಂಟು ತರುವ ವೈರು), ನ್ಯೂಟ್ರಲ್‌ಗೊಂದು (ವಾಪಸ್ ಒಯ್ಯುವ ವೈರು) ಫ್ಯೂಸ್ ಇರುತ್ತೆ. ನ್ಯೂಟ್ರಲ್ ಫ್ಯೂಸ್ ಸುಟ್ಟರೆ ಫ್ಯಾನ್ ನಿಲ್ಲುತ್ತೆ, ದೀಪ ಆರುತ್ತೆ, ಆದರೆ ಫೇಸ್ ಮನೆಯಿಡೀ ಹಾಗೇ ನಿಂತಿರುತ್ತೆ. ಪ್ಲಗ್ಗಿನ ಎರಡೂ ತೂತಲ್ಲಿ ಟೆಸ್ಟರ್ ಉರಿದರೆ ಇದೇ ಅಂತ ಅನುಮಾನಪಡಿ. ನ್ಯೂಟ್ರಲ್ ಕಡೆ ಫ್ಯೂಸ್ ತಂತಿ ತೆಗೆಸಿ ಗಟ್ಟಿ ತಾಮ್ರದ ಲಿಂಕ್ ಹಾಕಿಸಬೇಕು.

ಗೋಡೆಗೆ ಕರೆಂಟು ಎಲ್ಲಿಂದ ಬರುತ್ತೆ? ಪಟ್ಟಿ ಮೇಲಿನ ವೈರು ಕಣ್ಣಿಗೆ ಕಾಣುತ್ತೆ. ಹಾಗಾಗಿ ನಾನಾದರೆ ಮೊದಲು ನೋಡೋದು ವೈರು ಗೋಡೆ ತೂರಿ ಆಚೆ ಕೋಣೆಗೆ ಹೋಗುವ ಜಾಗ. ಅಲ್ಲಿ ಪಿಂಗಾಣಿ ಕೊಳವೆ ಇರಬೇಕಿತ್ತು; ಒಡೆದಿರುತ್ತೆ, ಇಲ್ಲಾ ಗಾರೆಯೊಳಗೆ ಬರೀ ವೈರು ಹೂತಿರುತ್ತೆ. ಮೇಲಿಂದ ಹಂಚು ಸೋರಿ ಗೋಡೆ ನೆನೆದರೆ ಇನ್ಸುಲೇಷನ್ ಬಿರಿದ ಫೇಸ್ ವೈರಿಂದ ಒದ್ದೆ ಗಾರೆಗೆ ಕರೆಂಟು ಇಳಿಯುತ್ತೆ. ನೀವು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮುಟ್ಟಿದರೆ ಉಳಿದ ದಾರಿ ನಿಮ್ಮ ಮೈ. ಬೇಸಿಗೆಯಲ್ಲಿ ಗೋಡೆ ಒಣಗಿದಾಗ ಏನೂ ಇಲ್ಲ ಅನ್ನಿಸೋದೂ ಇದಕ್ಕೇ.

ವೈರಿನ ವಯಸ್ಸು ಅದರ ಮೈ ನೋಡಿದರೆ ಗೊತ್ತಾಗುತ್ತೆ. ಹತ್ತಿಯ ಹೆಣಿಗೆಯೊಳಗೆ ಕಪ್ಪು ರಬ್ಬರ್ ಇದ್ದರೆ ಅದರ ಕಾಲ ಮುಗಿದಿದೆ; ಬಗ್ಗಿಸಿದರೆ ಒಣ ರೊಟ್ಟಿ ಥರ ಪುಡಿಯಾಗುತ್ತೆ. ಅಂಥದ್ದನ್ನು "ಬಿಚ್ಚಿ ನೋಡಿ ಮತ್ತೆ ಮುಚ್ಚಿಡೋಣ" ಅನ್ನಬೇಡಿ, ಅಲುಗಿಸಿದ್ದೇ ಹೊಸ ಬಿರುಕು ಮಾಡುತ್ತೆ. ಹಳೇ ಪಿವಿಸಿ ವೈರಿನ ತುದಿಯಲ್ಲಿ ಹಸಿರು ಅಂಟು ಒಸರಿದ್ದರೆ ಅದೂ ಬದಲಿಸುವ ಸಾಲಿಗೇ. ಬಿಚ್ಚಿದಾಗ ತಂತಿ ಬೆಳ್ಳಗಿದ್ದರೆ, ಎರಡು ಸಲ ಬಗ್ಗಿಸಿದ್ದಕ್ಕೇ ಮುರಿದರೆ, ಅಲ್ಯೂಮಿನಿಯಂ. ಅದು ಸ್ಕ್ರೂ ಕೆಳಗೆ ನಿಧಾನಕ್ಕೆ ಚಪ್ಪಟೆಯಾಗಿ ಸಡಿಲಾಗುತ್ತೆ, ಮೇಲ್ಮೈಯಲ್ಲಿ ಕರೆಂಟು ಹರಿಯದ ಪೊರೆ ಕಟ್ಟುತ್ತೆ, ಜಾಯಿಂಟು ಬಿಸಿಯಾಗುತ್ತೆ. ತಾಮ್ರದ ಜೊತೆ ತಿರುಚಿ ಟೇಪ್ ಸುತ್ತಿದ್ದರೆ ಇನ್ನೂ ಬೇಗ. ದೀಪ ಮಿಣುಕೋದು, ಸ್ವಿಚ್ ಅಂಚು ಕಂದೋದು, ಸುಟ್ಟ ಬೇಕಲೈಟಿನ ವಾಸನೆ ಇದರ ಗುರುತುಗಳು. ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ಮಂಕಾಗಿ ಮಿನುಗುತ್ತಿದ್ದರೆ ಸ್ವಿಚ್ ಫೇಸಿನಲ್ಲಿದೆಯೋ ನ್ಯೂಟ್ರಲ್‌ನಲ್ಲಿದೆಯೋ ನೋಡಿಸಿ. ನ್ಯೂಟ್ರಲ್‌ನಲ್ಲಿದ್ದರೆ ಬಲ್ಬ್ ಬದಲಿಸುವಾಗ ಹೋಲ್ಡರ್ ಜೀವಂತ ಇರುತ್ತೆ.

ಕಿಟ್‌ಕ್ಯಾಟ್ ಒಳಗೂ ಒಮ್ಮೆ ಇಣುಕಿ. 5 ಆಂಪಿಗೆ 35 ಗೇಜಿನ ತಂತಿ ಇರಬೇಕು, ಸುಮಾರು 0.2 ಮಿ.ಮೀ., ಹೊಲಿಗೆ ದಾರದಷ್ಟು. ಪದೇ ಪದೇ ಹೋಗುತ್ತೆ ಅಂತ ಮೂರು ಎಳೆ ತಾಮ್ರ ತಿರುಚಿ ಹಾಕಿದ್ದರೆ ಇನ್ನು ಫ್ಯೂಸ್ ಆಗೋದು ಗೋಡೆ ಮೇಲಿನ ವೈರೇ.

ಈಗ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ; ನಿಮ್ಮ ಮನೆಯ ಅಸಲು ಸಮಸ್ಯೆ ಇದೇ. ಎಷ್ಟೋ ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೇಲಿನ ದಪ್ಪ ತೂತಿನ ಹಿಂದೆ ವೈರೇ ಇರಲ್ಲ. ಇದ್ದರೂ ನಲ್ಲಿ ಪೈಪಿಗೆ ಸುತ್ತಿರುತ್ತಾರೆ. ಆ ಕಬ್ಬಿಣದ ಪೈಪು ನಡುವೆ ಎಲ್ಲೋ ಪಿವಿಸಿ ಆಗಿ ವರ್ಷಗಳೇ ಆಗಿರುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಕೊಟ್ಟ ಗಿಡ್ಡ ಲೂಪು. ಹಿಂದೆ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ ಫ್ರಿಜ್ಜಿನ ಕಂಪ್ರೆಸರ್ ಮೂಲಕ ಫೇಸ್ ಬಂದು ಆ ಲೂಪ್ ಹಾದು ಫ್ರಿಜ್ಜಿನ ಬಾಗಿಲಿಗೇ ಬರುತ್ತೆ.

ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ಅದು ಎಳೆಯುವ ಕರೆಂಟು ಎಷ್ಟು ಕಡಿಮೆ ಅಂದರೆ ಹಾಳಾದ ಅರ್ತಿನಲ್ಲೂ 230 ತೋರಿಸಬಹುದು. ಫೇಸಿಗೂ ಅರ್ತಿಗೂ ನಡುವೆ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಿಡಿದು ನೋಡಬೇಕು. ಮಂಕಾದರೆ ಅರ್ತ್ ಕೆಟ್ಟಿದೆ. ಇದನ್ನು ಎಲೆಕ್ಟ್ರಿಷಿಯನ್ನೇ ಮಾಡಲಿ, ಅದಕ್ಕೂ ಮುಂಚೆ ಮನೆಯ ಎಲ್ಲ ಪ್ಲಗ್ ಕೀಳಿಸಿ, ಯಾರೂ ಏನೂ ಮುಟ್ಟದ ಹಾಗೆ ನೋಡಿಕೊಳ್ಳಿ. ಅರ್ತ್ ಕಡಿದಿದ್ದರೆ ಆ ಹೊತ್ತಿನಲ್ಲಿ ಅರ್ತ್ ವೈರಿಗೆ ಸೇರಿದ ಪ್ರತಿ ಯಂತ್ರದ ಮೈಗೂ ಕರೆಂಟು ಬರುತ್ತೆ. ಇನ್ನೊಂದು ವಿಷಯ, ನ್ಯೂಟ್ರಲ್ ಲೂಪ್ ಇದ್ದರೂ ಬಲ್ಬ್ ಝಗ್ಗನೆ ಉರಿಯುತ್ತೆ. ಹಾಗಾಗಿ ಸಾಕೆಟ್ ಬಿಚ್ಚಿ ಕಣ್ಣಾರೆ ನೋಡದೆ ಪಾಸ್ ಮಾಡಬೇಡಿ.

ಎಂಸಿಬಿ ಯಾಕೆ ಸಾಲದು ಅನ್ನೋದಕ್ಕೆ ಒಂದು ಲೆಕ್ಕ. ಹೊಸ ಅರ್ತ್ ಗುಂಡಿ ತೋಡಿಸಿದಿರಿ, ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿ ಅರ್ತಿನ ತಡೆ (ರೆಸಿಸ್ಟೆನ್ಸ್) 20 ಓಮ್ ಬಂತು ಅಂದುಕೊಳ್ಳಿ. ಗೀಸರ್ ಕಾಯಿಲ್ ಒಡೆದು ಫೇಸ್ ಮೈಗೆ ತಗುಲಿದರೆ ಹರಿಯೋದು 230 ಭಾಗಿಸು 20, ಅಂದರೆ 11.5 ಆಂಪ್. 16 ಆಂಪಿನ ಎಂಸಿಬಿಗೆ ಅದು ಮಾಮೂಲಿ ಲೋಡು. ಅದು ಬೀಳೋದೇ ಇಲ್ಲ. ಆರ್‌ಸಿಸಿಬಿ ನೋಡೋದು ಬೇರೆ ಲೆಕ್ಕ: ಫೇಸಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತಾ ಅಂತ. 30 ಮಿಲಿಆಂಪ್ ಖೋತಾ ಆದರೂ ಕಡಿಯುತ್ತೆ. ಅರ್ತ್ ಇದ್ದರೆ ನೀವು ಮುಟ್ಟುವ ಮುಂಚೆಯೇ ಬೀಳುತ್ತೆ, ಇಲ್ಲದಿದ್ದರೆ ನೀವು ಮುಟ್ಟಿದ ಮೇಲೆ. ಒಂದು ಕೈ ಫೇಸಿಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಾಗಿದರೆ ಅದೂ ಕಾಯಲ್ಲ. ಓವರ್‌ಲೋಡಿಗೂ ಬೀಳಲ್ಲ, ಅದಕ್ಕೆ ಎಂಸಿಬಿ ಇದ್ದೇ ಇರಬೇಕು.

ಹಳೇ ವೈರಿಂಗಿಗೆ ಆರ್‌ಸಿಸಿಬಿ ಹಾಕಿದ ದಿನವೇ ಅದು ನಿಲ್ಲದೆ ಬೀಳಬಹುದು. ಆಗ "ಸಾರ್, ಇದು ನಿಮ್ಮನೆಗೆ ಆಗಿಬರಲ್ಲ" ಅಂತ ಬೈಪಾಸ್ ಮಾಡಿ ಹೋಗುವವರಿದ್ದಾರೆ. ಬಿಡಬೇಡಿ. ಒಂದೋ ಎಲ್ಲೋ ಲೀಕ್ ಇದೆ, ಇಲ್ಲಾ ನ್ಯೂಟ್ರಲ್ ಕಲೆತಿದೆ. ಯುಪಿಎಸ್ ನ್ಯೂಟ್ರಲ್ ಸೇರಿಸಿರೋದು ತುಂಬಾ ಕಡೆ ಕಾರಣ. ಒಂದೊಂದೇ ಸರ್ಕಿಟ್ ಬಿಡಿಸಿ ಹುಡುಕಬೇಕು, ಬಿಡಿಸುವಾಗ ಫೇಸ್ ಜೊತೆ ನ್ಯೂಟ್ರಲ್ಲನ್ನೂ ಬಿಡಿಸಬೇಕು.

ಎಲ್ಲಾ ಒಂದೇ ಸಲ ಬದಲಿಸೋಕೆ ದುಡ್ಡಿಲ್ಲ ಅಂದರೆ, ಅರ್ತ್ ಗುಂಡಿ ಮೊದಲು. ಗೋಡೆಯಿಂದ ಒಂದೂವರೆ ಮೀಟರ್ ಆಚೆ, 2.5 ಮೀಟರ್ ಉದ್ದದ 40 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಬೇಸಿಗೆಯಲ್ಲಿ ನೀರು ಹಾಕೋಕೆ ಬಾಯಿ. ಆಮೇಲೆ ಹೊಸ ಡಿಬಿ (ಮನೆಯ ಲೈನುಗಳು ಕವಲೊಡೆಯುವ ಪೆಟ್ಟಿಗೆ), ಅದರಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ. ಮೂರನೆಯದು ಗೀಸರ್ ಲೈನು: 3 ಕಿಲೋವ್ಯಾಟ್ ಗೀಸರ್ 13 ಆಂಪ್ ಎಳೆಯುತ್ತೆ, ನಿಮ್ಮ ಹಳೇ 3/22 ವೈರು (22 ಗೇಜಿನ ಮೂರೆಳೆ) ಇರೋದು 5 ಆಂಪಿನ ದೀಪದ ಕೆಲಸಕ್ಕೆ. ಡಿಬಿಯಿಂದ ನೇರ 4 ಸ್ಕ್ವೇರ್ ಎಂಎಂ ತಾಮ್ರ, ಜೊತೆಗೆ ಹಸಿರು ಅರ್ತ್ ವೈರು, 16 ಆಂಪ್ ಎಂಸಿಬಿ. ನಡುವೆ ಜಾಯಿಂಟ್ ಬೇಡ. ಅಡುಗೆಮನೆ ಮತ್ತು ಪಂಪು ನಂತರ, ದೀಪದ ಲೈನು ಕೊನೆಗೆ. ಆದರೆ ಜುಮ್ಮೆನ್ನುವ ಆ ಸರ್ಕಿಟ್ಟು ಮಾತ್ರ ವೈರ್ ಬದಲಾಗುವವರೆಗೆ ಬಂದ್. ಮಣ್ಣಿನ ಗೋಡೆಯಾದರೆ ಕೊರೆಯಬೇಡಿ, ಹೊರಗಿಂದಲೇ ಪಿವಿಸಿ ಪೈಪ್ ಹಾಕಿಸಿ. ಚಂದ ಕಾಣಲ್ಲ, ನಿಜ, ಆದರೆ ನಾಳೆ ತೆಗೆದು ನೋಡೋಕೆ ಸುಲಭ. ಮೀಟರಿನಿಂದ ಆಚೆ, ಕಂಬದ ಕಡೆಯದು ವಿದ್ಯುತ್ ಕಂಪನಿ ಮೆಸ್ಕಾಂನವರ ಕೆಲಸ, 1912ಕ್ಕೆ ಫೋನ್ ಮಾಡಿ. ಹಾಗೇ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು ಹೊರುವ ಬೇರರ್ ತಂತಿ ಕಟ್ಟಿದ ಕೊಕ್ಕೆಗೆ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದರೆ ಇವತ್ತೇ ಬಿಚ್ಚಿ.

ಕೆಲಸ ಮುಗಿದ ಮೇಲೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ. ಬಲ್ಬು, ಪ್ಲಗ್ಗು, ಫ್ಯಾನ್ ರೆಗ್ಯುಲೇಟರ್ ಎಲ್ಲಾ ಬಿಡಿಸಿರಬೇಕು, ಇಲ್ಲದಿದ್ದರೆ ಹಾಳಾಗಬಹುದು. ಫೇಸ್–ನ್ಯೂಟ್ರಲ್ ಸೇರಿಸಿ ಅರ್ತಿಗೆ ಹಿಡಿದಾಗ ಪ್ರತಿ ಸರ್ಕಿಟ್ಟೂ 1 ಮೆಗಾಓಮ್‌ಗಿಂತ ಮೇಲಿರಬೇಕು. ಮಾರ್ಚಿನಲ್ಲಿ ಬಂದ ರೀಡಿಂಗನ್ನು ನಾನು ಒಪ್ಪಲ್ಲ. ಜುಲೈನಲ್ಲಿ, ಗೋಡೆ ಒದ್ದೆ ಇದ್ದಾಗ, ಇನ್ನೊಮ್ಮೆ ಹಾಕಿಸಿ.