ಕ್ಯಾಸೆಟ್ಟು, ರಂಗಸ್ಥಳ, ಕೀಲಿಮಣೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಪ್ಪ 1980–90ರ ಹೊತ್ತಿಗೆ ಸುತ್ತಲ ಊರುಗಳ ತಾಳಮದ್ದಳೆಗಳನ್ನು (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ರೆಕಾರ್ಡ್ ಮಾಡಿಟ್ಟ ಎಂಬತ್ತು ಕ್ಯಾಸೆಟ್ ಅಟ್ಟದ ಮೇಲಿವೆ. ಕೆಲವಕ್ಕೆ ಬೂಸ್ಟು ಹಿಡಿದಿದೆ. ಪೇಟೆಯ ಅಂಗಡಿಯಲ್ಲಿ ಎಲ್ಲವನ್ನೂ ಎಂಪಿ3 ಮಾಡಿಕೊಡುತ್ತೇವೆ ಅಂದರು. ಕೊಡಬಹುದೇ? (ಸಿದ್ದಾಪುರ ತಾಲೂಕಿನ ಓದುಗರು)

ಉತ್ತರ: ಕೊಡಬೇಡಿ, ಮನೆಯಲ್ಲೇ ಮಾಡಿ. ಎಂಬತ್ತು ಕ್ಯಾಸೆಟ್ಟೂ ಒಂದು ಗಂಟೆಯವು ಅಂತಿಟ್ಟುಕೊಂಡರೆ ಎಂಬತ್ತು ಗಂಟೆ ಕೂತು ಕೇಳಲೇಬೇಕಾದ ಕೆಲಸ ಇದು. ಅಷ್ಟು ಹೊತ್ತು ಅಂಗಡಿಯಲ್ಲಿ ಯಾರೂ ಕೂರುವುದಿಲ್ಲ. ಅಲ್ಲದೆ ಎಂಪಿ3ಯಲ್ಲಿ ಧ್ವನಿಯ ಒಂದಷ್ಟು ಭಾಗವನ್ನು ಕಿತ್ತು ಹಾಕಿರುತ್ತಾರೆ, ಹಾಗೆ ಹೋದದ್ದು ಮತ್ತೆ ಸಿಗುವುದಿಲ್ಲ.

ಮೊದಲು ಬೂಸ್ಟು ಇದ್ದವನ್ನೂ ಇಲ್ಲದವನ್ನೂ ಬೇರೆ ಮಾಡಿ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಸುರುಳಿಯ ಬದಿಯಲ್ಲಿ ಬಿಳಿ ಪುಡಿ ಕಾಣುತ್ತದೆ. ಅಂಥದ್ದನ್ನು ಯಾವ ಕಾರಣಕ್ಕೂ ಹಾಗೇ ಪ್ಲೇಯರಿಗೆ ಹಾಕಬೇಡಿ. ಬೂಸ್ಟು ಟೇಪನ್ನು ಓದುವ ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬಾರದು. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ, ಕ್ಯಾಸೆಟ್ಟುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಒಂದು ವಾರ ಇಡಿ. ಬಿಸಿಲಿಗೆ ಹಾಕಿದರೆ, ಅಡಿಕೆ ಭಟ್ಟಿಯ ಹತ್ತಿರ ಇಟ್ಟರೆ ಟೇಪು ಸುರುಟಿ ಕೆಲಸ ಕೆಡುತ್ತದೆ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಕೂತು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸ್ವಲ್ಪ ಒದ್ದೆ ಮಾಡಿದ, ನೂಲು ಬಿಡದ ಬಟ್ಟೆಯ ನಡುವೆ ಟೇಪನ್ನು ಹಾಯಿಸುತ್ತ ನಿಧಾನ ಸುತ್ತಿ. ಬಟ್ಟೆಯನ್ನು ಆಗಾಗ ಬದಲಿಸಬೇಕು.

ಕ್ಯಾಸೆಟ್ಟಿನ ಮೇಲ್ತುದಿಯಲ್ಲಿರುವ ಎರಡು ಚೌಕ ಹಲ್ಲುಗಳನ್ನು ಮುರಿದುಬಿಡಿ, ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಟೇಪಿನ ಹಿಂದೆ ತಾಮ್ರದ ಪಟ್ಟಿಗೆ ಅಂಟಿಸಿದ ಸಣ್ಣ ಉಣ್ಣೆಯ ತುಂಡು ಇದೆಯೋ ನೋಡಿ. ಅದು ಉದುರಿದ್ದರೆ ಟೇಪು ಹೆಡ್ಡಿಗೆ ಒತ್ತಿ ಕೂರದೆ ಧ್ವನಿ ಬಂದು ಹೋಗಿ ಮಾಡುತ್ತದೆ. ಆಗ ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಬಿಚ್ಚಿ, ಎರಡೂ ಚಕ್ರಗಳನ್ನು ಸುರುಳಿ ಸಮೇತ ಅದರ ಕವಚಕ್ಕೆ ಸಾಗಿಸಿ. 90 ನಿಮಿಷದ ಕ್ಯಾಸೆಟ್ಟಿನ ಟೇಪು 60ರದ್ದಕ್ಕಿಂತ ತೆಳು, ಎಳೆದರೆ ಹಿಗ್ಗುತ್ತದೆ. ಅಂಥವನ್ನು ಹಿಂದೆ ಮುಂದೆ ಓಡಿಸುವುದು ಆದಷ್ಟೂ ಕಡಿಮೆ ಇರಲಿ.

ಧ್ವನಿ ಕಂಬಳಿ ಹೊದ್ದ ಹಾಗೆ ಮಂಕಾಗಿ ಕೇಳುವುದಕ್ಕೆ ಹೆಚ್ಚಾಗಿ ಟೇಪು ಕಾರಣವಲ್ಲ, ಹೆಡ್ಡಿನ ಓರೆ. ಅಪ್ಪನ ರೆಕಾರ್ಡರಿನ ಹೆಡ್ಡು ಕೂತ ಕೋನ ಬೇರೆ, ನಿಮ್ಮ ಪ್ಲೇಯರಿನದು ಬೇರೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇದೆಯಲ್ಲ, ಕ್ಯಾಸೆಟ್ ಓಡುತ್ತಿರುವಾಗ ಅದನ್ನು ಕಾಲು ಸುತ್ತು ಆಚೆ ಈಚೆ ತಿರುಗಿಸಿ. ಪದ್ಯ ಹಾಡುವ ಭಾಗವತರ ತಾಳದ ಕಿಣಿ ಎಲ್ಲಿ ಅತಿ ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಹೀಗೆ ಮಾಡಬೇಕು. ಈ ಒಂದು ಸ್ಕ್ರೂ ಕೊಡುವ ಫಲವನ್ನು ಯಾವ ಸಾಫ್ಟ್‌ವೇರೂ ಕೊಡದು.

ಪ್ಲೇಯರಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮೂಲಕ ಕಂಪ್ಯೂಟರಿಗೆ ತನ್ನಿ. 48 ಕಿಲೊಹರ್ಟ್ಸ್, 24 ಬಿಟ್, ವೇವ್ ಕಡತ. ಮದ್ದಳೆಯ ಪೆಟ್ಟು ಮೈನಸ್ 6 ಡೆಸಿಬಲ್ ದಾಟದಂತೆ ಮಟ್ಟ ಇರಲಿ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ನಡೆಸಿದರೆ ಗುಂಯ್ ಎನ್ನುವ ಕರೆಂಟಿನ ಸದ್ದು ಬಹುಪಾಲು ಹೋಗುತ್ತದೆ. ಸ್ಟೀರಿಯೊದಲ್ಲಿ ಗಂಟೆಗೆ 1 ಜಿಬಿ ಚಿಲ್ಲರೆ, ಒಟ್ಟು 83 ಜಿಬಿ ಆದೀತು. ಮೂಲ ಕಡತಕ್ಕೆ ಗದ್ದಲ ತೆಗೆಯುವ ಫಿಲ್ಟರ್ ಹಾಕಬೇಡಿ. ಹಿಂದೆ ಕೇಳುವ ಜೀರುಂಡೆ, ಸಭೆಯ ನಗು, ಕವಳದ (ಎಲೆಅಡಿಕೆಯ) ತಟ್ಟೆ ಸರಿಸಿದ ಸದ್ದು ಇವೆಲ್ಲ ಆ ಜಗಲಿಯ ಗುರುತು. ಶುದ್ಧ ಮಾಡುವುದಿದ್ದರೆ ನಕಲಿನಲ್ಲಿ ಮಾಡಿ.

ಎರಡನೆಯ ಬದಿ ಶುರುವಾಗುವಲ್ಲಿ ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ತುಂಡಾಗಿರುತ್ತದೆ, ಏಕೆಂದರೆ ಮೂವತ್ತು ನಿಮಿಷಕ್ಕೆ ಕ್ಯಾಸೆಟ್ ತಿರುಗಿಸಬೇಕಿತ್ತು. ಆ ಎರಡು ತುದಿಗಳನ್ನು ಅಂಟಿಸಿ ನಯ ಮಾಡಲು ಹೋಗಬೇಡಿ. ಹೋದ ಮಾತು ಹೋಗಿದೆ ಎಂದು ಮುಂದೆ ಕೇಳುವವನಿಗೆ ಗೊತ್ತಾಗಬೇಕು.

ಇನ್ನು ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಎಂಬುದು. ಹೆಸರಾಂತ ಅರ್ಥಧಾರಿಗಳ ಕ್ಯಾಸೆಟ್ಟಿಗೆ ಮೊದಲು ಕೈ ಹೋಗುವುದು ಸಹಜ. ಆದರೆ ಅವರ ಅರ್ಥ ಬೇರೆ ಮನೆಗಳಲ್ಲೂ ಇದ್ದೀತು. ನಿಮ್ಮೂರಿನ ಮಾಸ್ತರರು, ಪಕ್ಕದ ಕೇರಿಯ ಭಟ್ಟರು ಹೇಳಿದ ಅರ್ಥ ನಿಮ್ಮಲ್ಲಿ ಮಾತ್ರ ಇರುತ್ತದೆ. ಜಾವಾದ ತೊಗಲುಗೊಂಬೆಯಾಟ ವಾಯಾಂಗ್ ಕುಲಿತ್‌ಗೆ ಆದದ್ದನ್ನು ನೋಡಿ. ರಾತ್ರಿಯಿಡೀ ನಡೆಯುವ ಆ ಆಟ 1970ರ ದಶಕದಲ್ಲಿ ಕ್ಯಾಸೆಟ್ ಕಟ್ಟುಗಳಾಗಿ ಮಾರುಕಟ್ಟೆಗೆ ಬಂತು. ನಾರ್ತೊಸಬ್ದೊ ಎಂಬ ಸೂತ್ರಧಾರನ ಕ್ಯಾಸೆಟ್ಟುಗಳು ಎಷ್ಟು ಹರಡಿದವೆಂದರೆ ಹಳ್ಳಿಹಳ್ಳಿಯ ಸೂತ್ರಧಾರರು ಅವನ ಧಾಟಿಯನ್ನೇ ಹಿಡಿದರು, ಊರೂರಿನ ಬೇರೆ ಬೇರೆ ಶೈಲಿಗಳು ಹಿಂದೆ ಸರಿದವು. ಯಾವುದು ಮುದ್ರಣವಾಗಿ ಉಳಿಯುತ್ತದೋ ಮುಂದಿನವರು ಅದನ್ನೇ ಪರಂಪರೆ ಅಂತ ಕಲಿಯುತ್ತಾರೆ. ಆದ್ದರಿಂದ ಹೆಸರಿಲ್ಲದವರಿಂದ ಶುರು ಮಾಡಿ. ಕಡತದ ಜೊತೆ ಪ್ರಸಂಗ, ಭಾಗವತರು, ಯಾರದು ಯಾವ ಪಾತ್ರ, ಯಾರ ಮನೆ, ಯಾವ ತಾರೀಖು ಎಂದು ಬರೆದಿಡಿ. ಕ್ಯಾಸೆಟ್ಟಿನ ಚೀಟಿಯ ಮೇಲೆ ಅಪ್ಪನ ಕೈಬರಹ ಇದ್ದರೆ ಅದರದೂ ಒಂದು ಫೋಟೊ ಇರಲಿ. ಪ್ರತಿಗಳು ಮೂರು, ಅದರಲ್ಲಿ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ.

ಪ್ರಶ್ನೆ: ದೇವಸ್ಥಾನಕ್ಕೆ ಹೊಸ ಸಭಾಭವನ ಕಟ್ಟಿಸುತ್ತಿದ್ದೇವೆ. ವರ್ಷಕ್ಕೆ ನಾಲ್ಕೈದು ಯಕ್ಷಗಾನದ ಆಟ ಅಲ್ಲೇ ಆಗಬೇಕು. ನಕ್ಷೆಯಲ್ಲಿ ನಾಲ್ಕು ಅಡಿ ಎತ್ತರದ, ಮೂರು ಕಡೆ ಗೋಡೆ ಇರುವ, ಟೈಲ್ಸ್ ಹಾಕಿದ ವೇದಿಕೆ ಇದೆ. ಸರಿಯೇ? (ಹೊನ್ನಾವರ ತಾಲೂಕಿನ ದೇವಸ್ಥಾನ ಸಮಿತಿ)

ಉತ್ತರ: ಸರಿಯಲ್ಲ. ಭಾಷಣಕ್ಕೆ ಅದು ಸಾಕು, ಆಟಕ್ಕೆ ಆಗದು. ಬಯಲಾಟದ ರಂಗಸ್ಥಳ ಮೂರು ಕಡೆ ತೆರೆದಿರುತ್ತದೆ, ವೇಷಧಾರಿ ಸುತ್ತು ಹಾಕುವಾಗ ಪ್ರತಿ ಬದಿಗೂ ಎದುರಾಗುತ್ತಾನೆ. ಮೂರು ಗೋಡೆಯ ಪೆಟ್ಟಿಗೆಯೊಳಗೆ ಇಟ್ಟರೆ ಎರಡೇ ವರ್ಷದಲ್ಲಿ ಕುಣಿತ ಮುಂದಕ್ಕೂ ಹಿಂದಕ್ಕೂ ಮಾತ್ರ ನಡೆಯತೊಡಗುತ್ತದೆ, ಅದನ್ನು ನೋಡಿ ಬೆಳೆದ ಹುಡುಗರು ಸುತ್ತು ಮರೆಯುತ್ತಾರೆ.

ಎತ್ತರದ ಲೆಕ್ಕ ಸುಲಭ. ಜಮಖಾನೆಯ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು ಎರಡೂವರೆ ಅಡಿ, ಕುರ್ಚಿಯಲ್ಲಿ ಕೂತವರದು ನಾಲ್ಕು ಅಡಿ. ವೇದಿಕೆ ಕಣ್ಣಿಗಿಂತ ಮೇಲೇರಿದರೆ ಹೆಜ್ಜೆ, ಗೆಜ್ಜೆ ಎರಡೂ ಮರೆ. ಮುಂದೆ ಜಮಖಾನೆ ಹಾಸುವ ರೂಢಿ ಇದ್ದರೆ ವೇದಿಕೆ ಎರಡು ಅಡಿ ದಾಟದಿರಲಿ.

ಟೈಲ್ಸ್ ಬೇಡವೇ ಬೇಡ. ನಮ್ಮ ಬಡಗು ಶೈಲಿಯ ಯಕ್ಷಗಾನದಲ್ಲಿ ಮಂಡಿ ಕುಣಿತ ಇದೆ. ಮೊಣಕಾಲೂರಿ ಸುತ್ತುವವನಿಗೆ ಕಾಂಕ್ರೀಟಿನ ಮೇಲಿನ ಟೈಲ್ಸ್ ಒಂದಿಷ್ಟೂ ಬಾಗುವುದಿಲ್ಲ, ಪೆಟ್ಟು ಪೂರಾ ಮಂಡಿ ಚಿಪ್ಪಿಗೇ. ಬೆವರು ಬಿದ್ದರೆ ಜಾರುತ್ತದೆ ಕೂಡ. ಮೂರು-ನಾಲ್ಕು ಇಂಚಿನ ರೀಪು ಹಾಸಿ, ಕೆಳಗೆ ಗಾಳಿ ಆಡಲು ಬಿಟ್ಟು, ಮೇಲೆ ಒಂದಿಂಚು ದಪ್ಪದ ಹಲಗೆ ಹೊಡೆಸಿ. ರೀಪಿಗೆ ಗೆದ್ದಲು ಔಷಧ ಮೊದಲೇ ಹಚ್ಚಬೇಕು, ಆಮೇಲೆ ಕೈ ಹೋಗುವುದಿಲ್ಲ. ಟೊಳ್ಳು ಇರುವುದರಿಂದ ಹೆಜ್ಜೆಯ ಸದ್ದೂ ತುಂಬಿ ಬರುತ್ತದೆ.

ಬಯಲಿನಿಂದ ಒಳಗೆ ಬಂದ ಕಲೆ ತನ್ನ ಜಾಗವನ್ನೂ ಜೊತೆಗೆ ತಂದುಕೊಳ್ಳಬಹುದು ಎಂಬುದಕ್ಕೆ ಜಪಾನಿನ ನೋಹ್ ನಾಟಕ ಒಳ್ಳೆಯ ಮಾದರಿ. ಅದರ ರಂಗ ಮೊದಲು ಬಯಲಿನಲ್ಲಿತ್ತು, ಅದಕ್ಕೆ ತನ್ನದೇ ಮಾಡು (ಛಾವಣಿ) ಇತ್ತು. ಟೋಕಿಯೊದ ಶಿಬಾದಲ್ಲಿ 1881ರಲ್ಲಿ ನೋಹ್‌ಗಾಗಿಯೇ ರಂಗಮಂದಿರ ಕಟ್ಟಿದರು, ಮುಂದೆ ರಂಗ ಮತ್ತು ಪ್ರೇಕ್ಷಕರು ಒಂದೇ ಸೂರಿನ ಕೆಳಗೆ ಬರುವುದು ರೂಢಿಯಾಯಿತು. ಆದರೂ ಅವರು ಕಟ್ಟಡದೊಳಗೇ ರಂಗದ ಮಾಡನ್ನು ಹಾಗೇ ಉಳಿಸಿದರು. ನಾಲ್ಕು ಕಂಬ, ಹಿಂದಿನ ಹಲಗೆಯ ಮೇಲೆ ಪೈನ್ ಮರದ ಚಿತ್ರ, ನಟರು ನಡೆದು ಬರುವ ಸೇತುವೆ, ಸುತ್ತ ಬಿಳಿ ಜಲ್ಲಿಯ ಪಟ್ಟಿ ಎಲ್ಲವೂ ಇದ್ದವು. ಮುಖವಾಡ ತೊಟ್ಟ ನಟನಿಗೆ ಕಣ್ಣಿನ ಕಿಂಡಿ ಬಹಳ ಸಣ್ಣದು, ಅವನು ದಿಕ್ಕು ಹಿಡಿಯುವುದೇ ಕಂಬ ನೋಡಿ. ಕಂಬ ತೆಗೆದರೆ ಆಟ ನಡೆಯುವುದಿಲ್ಲ. ನೆಲದಡಿ ಮಣ್ಣಿನ ಹಂಡೆಗಳನ್ನಿಟ್ಟು ಹೆಜ್ಜೆಯ ನಾದ ಹೆಚ್ಚಿಸುವ ಪದ್ಧತಿಯೂ ಅಲ್ಲಿತ್ತು. ನೀವೂ ಸಭಾಭವನದ ಒಂದು ತುದಿಯಲ್ಲಿ, ಗೋಡೆಯಿಂದ ಮುಂದೆ ಚಾಚಿದ ಹಾಗೆ ರಂಗಸ್ಥಳ ಮಾಡಿ. ನಾಲ್ಕು ಮೂಲೆಯಲ್ಲಿ ಕಂಬ ಊರಲು ಕೊಳವೆ ಬಿಡಿಸಿ, ಆಟದ ದಿನ ಮಾವಿನ ತೋರಣ ಕಟ್ಟಿದರಾಯಿತು. ಹಿಮ್ಮೇಳಕ್ಕೆ ಹಿಂದೆ ಜಾಗ, ಅದರಾಚೆ ವೇಷ ಕಟ್ಟುವ ಚೌಕಿಗೆ ನೇರ ಬಾಗಿಲು.

ಕಟ್ಟಿ ಮುಗಿದ ಮೇಲೆ ಖಾಲಿ ಭವನದಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಎಳೆದಾಡಿದರೆ ಅರ್ಥದ ಮಾತು ಕಲಸಿಹೋಗುತ್ತದೆ ಅಂತಲೇ ಲೆಕ್ಕ. ಹಿಂದಿನ ಗೋಡೆಗೆ ದಪ್ಪ ತೆಂಗಿನ ನಾರಿನ ಚಾಪೆಯನ್ನು ಗೋಡೆಯಿಂದ ಎರಡಿಂಚು ಬಿಟ್ಟು ಹೊಡೆಸಿದರೆ ಬಹಳಷ್ಟು ತಗ್ಗುತ್ತದೆ.

ಪ್ರಶ್ನೆ: ಊರಿನ ಆಟವನ್ನು ಮುಂಬೈ, ಬೆಂಗಳೂರಿನಲ್ಲಿರುವವರಿಗಾಗಿ ಮೊಬೈಲಿನಲ್ಲಿ ಲೈವ್ ಮಾಡುತ್ತೇವೆ. ಚಂಡೆ ಬಾರಿಸಿದ ಕೂಡಲೇ ಭಾಗವತರ ಧ್ವನಿ ಮುಳುಗುತ್ತದೆ. (ಯಲ್ಲಾಪುರದ ಯುವಕ ಸಂಘ)

ಉತ್ತರ: ಮೊಬೈಲಿನ ಮೈಕು ಜೋರು ಸದ್ದು ಬಂದಾಗ ತಾನಾಗಿ ಮಟ್ಟ ಇಳಿಸಿಕೊಳ್ಳುತ್ತದೆ. ಚಂಡೆಯ ಒಂದು ಪೆಟ್ಟಿಗೆ ಇಳಿದದ್ದು ಏರುವಷ್ಟರಲ್ಲಿ ಪದ್ಯದ ಅರ್ಧ ಸಾಲು ಹೋಯಿತು. ಮೈಕ್‌ಸೆಟ್ಟಿನವರ ಮಿಕ್ಸರಿನಿಂದ ತಂತಿ ತೆಗೆದುಕೊಂಡರೆ ಈ ತೊಂದರೆ ತಪ್ಪುತ್ತದೆ, ಆದರೆ ಇನ್ನೊಂದು ಬರುತ್ತದೆ: ಚಂಡೆ ತಾನೇ ಜೋರು ಎಂದು ಅದಕ್ಕೆ ಮೈಕನ್ನೇ ಕೊಟ್ಟಿರುವುದಿಲ್ಲ, ಹಾಗಾಗಿ ಲೈವಿನಲ್ಲಿ ಚಂಡೆಯೇ ಇರುವುದಿಲ್ಲ. ಹಿಮ್ಮೇಳದಿಂದ ಎಂಟು-ಹತ್ತು ಅಡಿ ದೂರ, ತಲೆಗಿಂತ ಎತ್ತರದಲ್ಲಿ ಬೇರೆ ಮೈಕ್ ಇಟ್ಟು, ಅದನ್ನು ಲೈವಿಗೆ ಹೋಗುವ ಆಕ್ಸ್ ಸಾಲಿಗೆ (ಮಿಕ್ಸರಿನ ಬೇರೆ ಹೊರದಾರಿ) ಮಾತ್ರ ಬಿಡಲು ಹೇಳಿ. ಮಿಕ್ಸರಿನ ಲೈನ್ ಮಟ್ಟ ಮೊಬೈಲಿನ ಮೈಕ್ ತೂತಿಗೆ ನೇರ ಹೋದರೆ ಧ್ವನಿ ಒಡೆಯುತ್ತದೆ. ನಡುವೆ ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ಅಥವಾ ಇಂಟರ್‌ಫೇಸ್ ಬೇಕು.

ಕ್ಯಾಮೆರಾ ಒಂದೇ ಇದ್ದರೆ ಅದು ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಇಡೀ ರಂಗಸ್ಥಳ ಹಿಡಿಯುವ ಹಾಗೆ ಅಲುಗದೆ ನಿಲ್ಲಲಿ. ಮುಖ ಹತ್ತಿರದಿಂದ ತೋರಿಸುವುದು ಸಿನಿಮಾದ ಅಭ್ಯಾಸ. ಯಕ್ಷಗಾನದ ಬಣ್ಣವನ್ನೂ ಮುಂಡಾಸನ್ನೂ ದೂರದ ಕಣ್ಣಿಗಾಗಿಯೇ ಕಟ್ಟಿದ್ದಾರೆ. ಎಲ್‌ಇಡಿ ದೀಪದಡಿ ಚಿತ್ರ ಮಿಣುಕಿದರೆ ಶಟರನ್ನು 1/50ಕ್ಕೆ ಕಟ್ಟಿ, ಬೆಳಕಿನ ಮಟ್ಟವನ್ನು ಲಾಕ್ ಮಾಡಿ. ನೆಟ್‌ವರ್ಕ್ ಕೈಕೊಟ್ಟರೂ ಆಟ ಉಳಿಯಬೇಕೆಂದರೆ ಕಾರ್ಡಿನಲ್ಲೂ ಜೊತೆಗೇ ರೆಕಾರ್ಡ್ ಆಗುತ್ತಿರಲಿ. ಒಂದು ಮಾತು ಕಳಕಳಿಯಿಂದ: ನೋಡುವವರು ಕಡಿಮೆಯಾಗುತ್ತಾರೆಂದು ಪಾತ್ರಗಳ ಪ್ರವೇಶದ ಕುಣಿತವಾದ ಒಡ್ಡೋಲಗ ಮೊಟಕು ಮಾಡಿ ಎಂದು ಮೇಳದವರಿಗೆ ಹೇಳಬೇಡಿ. ರಾತ್ರಿಯಿಡೀ ಆಡದ ಕಾಲಮಿತಿ ಆಟದಲ್ಲಿ, ಕತೆಗೆ ಮುಂಚಿನ ಪೂರ್ವರಂಗದ ಬಹುಪಾಲು ಆಗಲೇ ಹೋಗಿದೆ.

ಪ್ರಶ್ನೆ: ಮನೆಮಾತು ಕೊಂಕಣಿ. ಅಜ್ಜಿಯ ಗಾದೆ, ಹಾಡುಗಳನ್ನು ಬರೆದಿಡಬೇಕು. ಕನ್ನಡ ಲಿಪಿಯೋ, ದೇವನಾಗರಿಯೋ? (ಕಾರವಾರದ ಓದುಗರು)

ಉತ್ತರ: ಓದಬೇಕಾದವರು ಯಾರು ಎಂಬುದರ ಮೇಲೆ ಹೋಗಿ. ಕಾರವಾರದ ಕಡೆ 1956ಕ್ಕೆ ಮೊದಲು, ಮುಂಬೈ ಪ್ರಾಂತ್ಯದ ಕಾಲದಲ್ಲಿ, ಮರಾಠಿ ಶಾಲೆ ಕಲಿತವರಿಗೆ ದೇವನಾಗರಿ ಸಲೀಸು. ಅವರ ಮೊಮ್ಮಕ್ಕಳಿಗೆ ಕನ್ನಡ. ಗೋವೆಯ ಅಧಿಕೃತ ಲಿಪಿ ದೇವನಾಗರಿ, ಅಲ್ಲಿ ರೋಮನ್ನಿನಲ್ಲಿ ಬರೆಯುವವರೂ ಬಹಳ. ಭಟ್ಕಳದ ನವಾಯತ ಮುಸ್ಲಿಮರು ತಮ್ಮ ಮಾತನ್ನು ಪರ್ಷಿಯನ್-ಅರೇಬಿಕ್ ಲಿಪಿಯಲ್ಲಿ ಬರೆಯುತ್ತಾರೆ. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಈ ಭಾಷೆಯ ಗುರುತನ್ನು ಯಾವ ಒಂದು ಲಿಪಿಗೂ ಕಟ್ಟಿಹಾಕಲಾಗದು. ನಿಮ್ಮ ಮಕ್ಕಳು ಓದುವುದು ಕನ್ನಡವಾದರೆ ಕನ್ನಡದಲ್ಲೇ ಬರೆಯಿರಿ.

ಮೊದಲು ಕೀಲಿಮಣೆಯ ಸ್ವಯಂ ತಿದ್ದುಪಡಿ ಆರಿಸಿ, ಇಲ್ಲವಾದರೆ ಕೊಂಕಣಿ ಪದಗಳನ್ನೆಲ್ಲ ಅದು ಹತ್ತಿರದ ಕನ್ನಡ ಪದಕ್ಕೆ ತಿರುಗಿಸುತ್ತದೆ. ‘ಬಸ್‌ಲೊ’ ಎಂಬಂಥ ಪದದಲ್ಲಿ ಒತ್ತಕ್ಷರ ಆಗದೆ ಬಿಡಿಯಾಗಿ ನಿಲ್ಲಬೇಕಿದ್ದರೆ ಅರ್ಧಾಕ್ಷರದ ಮುಂದೆ ಕಾಣದ ಒಂದು ಬೇರ್ಪಡಿಸುವ ಅಕ್ಷರ ಹಾಕಬೇಕು, ಹಲವು ಕೀಲಿಮಣೆಗಳಲ್ಲಿ ಅದಕ್ಕೆ ಗುಂಡಿ ಇದೆ. ಒಮ್ಮೆ ಹಾಕಿ ಒಮ್ಮೆ ಬಿಟ್ಟರೆ ಮುಂದೆ ಹುಡುಕಿದಾಗ ಪದ ಸಿಗುವುದಿಲ್ಲ. ಅನುಸ್ವಾರ ಇನ್ನೊಂದು ತೊಡಕು. ‘ಹಾಂವ್’ನಲ್ಲಿ ಸೊನ್ನೆ ಬರೀ ಮೂಗಿನ ಉಸಿರು, ‘ಆಂಬೊ’ದಲ್ಲಿ ಅದು ಮ್. ಕನ್ನಡಕ್ಕೆ ಚಂದ್ರಬಿಂದು ಯೂನಿಕೋಡಿನಲ್ಲಿ 2014ರಲ್ಲಿ ಬಂದಿದೆ, ಆದರೆ ಎಲ್ಲ ಫಾಂಟಿನಲ್ಲೂ ಕಾಣದು. ಸೊನ್ನೆಯನ್ನೇ ಬಳಸಿ, ಅಜ್ಜಿಯ ಧ್ವನಿಯನ್ನು ಜೊತೆಗಿಡಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಾದ ಕಡತಗಳಿದ್ದರೆ ಈಗಲೇ ಯೂನಿಕೋಡಿಗೆ ತಿರುಗಿಸಿ, ತಿರುಗಿಸಿದ್ದನ್ನು ಸಾಲು ಸಾಲಾಗಿ ತಾಳೆ ನೋಡಿ. ಒತ್ತಕ್ಷರಗಳೇ ಹೆಚ್ಚು ಕೆಡುವುದು.

ಪ್ರಶ್ನೆ: ಕಾಲೇಜಿನವರು ಹಾಲಕ್ಕಿ ಸಮುದಾಯದ ಹೆಂಗಸರ ಹಾಡು ರೆಕಾರ್ಡ್ ಮಾಡಿ ಅಂತರ್ಜಾಲಕ್ಕೆ ಹಾಕಬೇಕೆಂದಿದ್ದೇವೆ. ಏನು ಎಚ್ಚರ ಬೇಕು? (ಅಂಕೋಲಾದ ಅಧ್ಯಾಪಕರು)

ಉತ್ತರ: 2017ರಲ್ಲಿ ಪದ್ಮಶ್ರೀ ಪಡೆದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಂತೆ ನೂರಾರು ಹಾಡು ನೆನಪಿಟ್ಟವರು ಇನ್ನೂ ಕೊಪ್ಪಗಳಲ್ಲಿ (ಹಾಲಕ್ಕಿ ಕೇರಿಗಳಲ್ಲಿ) ಇದ್ದಾರೆ, ತಡ ಮಾಡಬೇಡಿ. ಸ್ಟುಡಿಯೊಗೆ ಕರೆತಂದು ಹಾರ್ಮೋನಿಯಂ ಶ್ರುತಿಗೆ ಕೂರಿಸಬೇಡಿ, ಹಾಡು ಹುಟ್ಟುವುದು ಕೆಲಸದ ಲಯದಲ್ಲಿ. ಗದ್ದೆಯಲ್ಲೋ ಅಂಗಳದಲ್ಲೋ, ಹೇಳುವವರ ಕಡೆಗೊಂದು, ಸೊಲ್ಲು ಹಿಡಿಯುವವರ ಕಡೆಗೊಂದು ಮೈಕ್ ಇಟ್ಟು, ಗಾಳಿಗೆ ಸ್ಪಂಜಿನ ಟೊಪ್ಪಿಗೆ ಹಾಕಿ. ಒಪ್ಪಿಗೆಯನ್ನು ಅವರದೇ ಮಾತಿನಲ್ಲಿ ಕೇಳಿ, ರೆಕಾರ್ಡಿನ ಮೊದಲಿಗೇ ಹಿಡಿಯಿರಿ. ಮನೆಗೆ ಮಾತ್ರವೋ, ಕಾಲೇಜಿನ ಸಂಗ್ರಹಕ್ಕೋ, ಊರೆಲ್ಲ ಕೇಳುವ ಹಾಗೆಯೋ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಸಾವಿನ ಹಾಡು, ಮನೆಯೊಳಗಿನ ಹಾಡು ಹೊರಗೆ ಬೇಡ ಅಂದರೆ ಅಲ್ಲಿಗೆ ಬಿಡಿ. ಹಾಡು ಪೂರ್ತಿ ಮುಗಿಯುವವರೆಗೆ ನಿಲ್ಲಿಸಬೇಡಿ, ಐವತ್ತು ನುಡಿ ಇದ್ದರೆ ಐವತ್ತೂ ಬೇಕು. ಮುಗಿದ ವಾರದೊಳಗೆ ಒಂದು ಮೆಮೊರಿ ಕಾರ್ಡಿಗೆ ಎಲ್ಲವನ್ನೂ ಹಾಕಿ, ಮೊಮ್ಮಗಳ ಮೊಬೈಲಿನಲ್ಲಿ ಕೇಳಿಸುವುದನ್ನು ಕಣ್ಣಾರೆ ನೋಡಿ, ಹಾಡಿದವರ ಕೈಗೇ ಕೊಟ್ಟು ಬನ್ನಿ.