ಸ್ಟಾರ್ ಕರೆಯುತ್ತಿದ್ದಾರೆ, ಕೆಲಸ ಬಿಟ್ಟು ಹೋಗಲಾ?

ಪ್ರಶ್ನೆ: ನಾನು 28ರ ಯುವತಿ. ಬೆಂಗಳೂರಿನ ಪಿಆರ್ ಕಂಪನಿಯೊಂದರಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಸಿನಿಮಾ ಪ್ರಚಾರಕ್ಕೆ ನಟರೊಬ್ಬರ ಜತೆ ಊರೂರು ಸುತ್ತುತ್ತೇನೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಪ್ರೆಸ್‌ಮೀಟ್ ಇತ್ತು. ಅವರು ರೂಮಿಂದ ಹೊರಗೇ ಬರಲಿಲ್ಲ. ‘ಫ್ಲೈಟ್ ಲೇಟ್ ಅಂತ ಹೇಳು’ ಅಂದರು, ಹೇಳಿದೆ. ಗಂಟೆಗಟ್ಟಲೆ ಕಾದವರಿಗೆ ನಿಜ ಗೊತ್ತಾಯ್ತು. ಅವರಲ್ಲಿ ನನಗೆ ಬೇಕಾದ ವರದಿಗಾರರೊಬ್ಬರು ಈಗ ಫೋನ್ ಎತ್ತುತ್ತಿಲ್ಲ. ಈ ನಡುವೆ ಅದೇ ನಟರು, ‘ಕಂಪನಿ ಬಿಡು, ನನ್ನ ಪರ್ಸನಲ್ ಪಿಆರ್ ಆಗು, ಸಂಬಳ ಡಬಲ್’ ಎನ್ನುತ್ತಿದ್ದಾರೆ. ಮನುಷ್ಯ ಕೆಟ್ಟವರಲ್ಲ. ಮನೆಯಲ್ಲಿ ಅಪ್ಪನ ಸಾಲ ಇದೆ. ಏನು ಮಾಡಲಿ?

ಉತ್ತರ: ಸಂಬಳದ ಮಾತು ಆಮೇಲೆ. ಮೊದಲು ಫೋನ್ ಎತ್ತದ ಆ ವರದಿಗಾರರ ವಿಷಯ. ನೀವು ಅದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಗಂಟು ಇರುವುದು ಅಲ್ಲೇ.

ಹುಬ್ಬಳ್ಳಿಯಲ್ಲಿ ‘ಫ್ಲೈಟ್ ಲೇಟ್’ ಅಂತ ಹೇಳಿ ದಕ್ಕಿಸಿಕೊಳ್ಳೋದು ಕಷ್ಟ. ವಿಮಾನ ಇಳಿಯಿತಾ ಇಲ್ಲವಾ ಅಂತ ಮೊಬೈಲ್ ತೋರಿಸುತ್ತದೆ. ಅಷ್ಟರಲ್ಲಿ ಅಭಿಮಾನಿಗಳು ಕ್ರೇನಿನಲ್ಲಿ ಸೇಬಿನ ಹಾರ ಹಾಕಿದ ರೀಲ್ಸ್ ಕೂಡ ಬಂದಿರುತ್ತದೆ! ಲೋಗೋ ಹಾಕಿದ ಮೈಕುಗಳನ್ನು ಟೇಬಲ್ ಮೇಲೆ ಜೋಡಿಸಿಟ್ಟು, ಆರಿದ ಕಾಫಿ ಮುಂದೆ ಕೂತವರು ಅದನ್ನೇ ನೋಡುತ್ತಿರುತ್ತಾರೆ. ‘ಸರ್ ಇನ್ನೂ ರೆಡಿಯಾಗಿಲ್ಲ, ಇನ್ನೊಂದು ಗಂಟೆ ಹಿಡಿಯುತ್ತೆ, ಅರ್ಜೆಂಟ್ ಇದ್ದವರು ಹೊರಡಿ, ಅವರ ಮಾತಿನ ವಿಡಿಯೊ ತುಣುಕು ನಾನೇ ಕಳಿಸ್ತೀನಿ’ ಅಂದಿದ್ದರೆ ಬೈಯುತ್ತಿದ್ದರು, ಅಷ್ಟೇ. ಬೈಸಿಕೊಳ್ಳುವುದು ನಿಮ್ಮ ಕೆಲಸದ ಭಾಗ. ಸುಳ್ಳು ಹೇಳುವುದು ಅಲ್ಲ.

ಡಿ.ವಿ. ಸುಧೀಂದ್ರ 1976ರಲ್ಲಿ ಕನ್ನಡ ಸಿನಿಮಾ ಪ್ರಚಾರಕ್ಕೆಂದು ಶ್ರೀ ರಾಘವೇಂದ್ರ ಚಿತ್ರವಾಣಿ ಸಂಸ್ಥೆ ಶುರುಮಾಡಿದಾಗ ವಾಟ್ಸಾಪ್ ಗ್ರೂಪ್ ಎಲ್ಲಿತ್ತು? 2018ರಲ್ಲಿ ‘ಕೆಜಿಎಫ್’ ಐದು ಭಾಷೆಗಳಲ್ಲಿ ಬಂದ ಮೇಲಂತೂ ಪ್ರಚಾರ ಅಂದರೆ ಮುಂಬೈ, ಹೈದರಾಬಾದ್, ಕೊಚ್ಚಿ. ಇಷ್ಟೆಲ್ಲ ಬದಲಾದರೂ, ಕರೆದದ್ದು ಯಾರು ಅಂತ ನೋಡಿಯೇ ವರದಿಗಾರರು ಬರುತ್ತಾರೆ. ನಾಳೆ ಈ ನಟರ ಎರಡು ಸಿನಿಮಾ ಮಲಗಿದರೆ ನಿಮಗೆ ಉಳಿಯುವುದು ಆ ನಂಬಿಕೆ ಮಾತ್ರ. ಇವತ್ತೇ ಆ ವರದಿಗಾರರಿಗೆ ಮೆಸೇಜ್ ಹಾಕಿ: ‘ಅವತ್ತು ಸುಳ್ಳು ಹೇಳಿದೆ, ತಪ್ಪಾಯ್ತು.’ ನಟರ ಮೇಲೆ ಹಾಕಬೇಡಿ, ಕಾರಣ ಕೊಡಬೇಡಿ. ಮುಂದಿನ ಸಲ ಆ ಕಡೆ ಹೋದಾಗ ಮುಖತಃ ಭೇಟಿಯಾಗಿ.

ಇನ್ನು ಆಫರ್. ಈಗ ಬೇಡ ಅನ್ನೋದು ನನ್ನ ಅಭಿಪ್ರಾಯ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಸಿಗುತ್ತದೆ. ನಿಮಗೆ ಇನ್ನೊಂದು ವರ್ಷ ಬಾಕಿ. ಪಿಎಫ್ ಕಟ್ಟುತ್ತಿದ್ದರೆ ಅದೂ ನಿಂತುಹೋಗುತ್ತದೆ. ಅವರು ಕೆಟ್ಟವರಲ್ಲ ಅಂತೀರಿ, ಇರಬಹುದು. ಆದರೆ ಟೂರಲ್ಲಿ ಅವರೊಬ್ಬರೇ ಇರ್ತಾರಾ? ಬೌನ್ಸರ್‌ಗಳು, ಹಂಚಿಕೆದಾರರು, ಯಾರದೋ ಸ್ನೇಹಿತರು ಎಲ್ಲ ಇರುತ್ತಾರೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಕೆಲಸದ ಮೇಲೆ ಹೋದ ಊರು, ಕಂಪನಿ ಕೊಟ್ಟ ಕಾರು ಕೂಡ ಕೆಲಸದ ಜಾಗವೇ. ಹತ್ತು ಅಥವಾ ಜಾಸ್ತಿ ಜನ ಇರುವ ಕಂಪನಿಯಲ್ಲಿ ದೂರು ಕೇಳಲು ಸಮಿತಿ ಇರಲೇಬೇಕು. ಒಬ್ಬರೇ ನಟರ ಹತ್ತಿರ ಕೆಲಸಕ್ಕೆ ಸೇರಿದರೆ ಜಿಲ್ಲಾ ಮಟ್ಟದ ಸಮಿತಿಗೆ ಅಲೆಯಬೇಕು.

ಸಾಲ ಇದೆಯಲ್ಲ ಅಂತೀರಾ? ಆಫರ್ ಬಂದಿದೆ ಅಂತ ನಿಮ್ಮ ಬಾಸ್‌ಗೆ ಹೇಳಿ ಸಂಬಳ ಜಾಸ್ತಿ ಕೇಳಿ. ಡಬಲ್ ಕೊಡಲ್ಲ, ಸ್ವಲ್ಪವಾದರೂ ಏರಿಸುತ್ತಾರೆ. ಅದೂ ಆಗದೆ ಹೋಗಲೇಬೇಕು ಅಂದರೆ ಎಲ್ಲ ಬರವಣಿಗೆಯಲ್ಲಿ ಇರಲಿ: ನೋಟಿಸ್ ಅವಧಿ, ಟೂರಲ್ಲಿ ಬೇರೆ ರೂಮು, ವಾರಕ್ಕೊಂದು ರಜೆ, ಆಸ್ಪತ್ರೆ ಖರ್ಚು. ಜತೆಗೆ ಬಾಯಿಬಿಟ್ಟು ಹೇಳಿ: ‘ನೀವು ಹೇಳಬೇಡ ಅಂದದ್ದನ್ನು ಹೇಳಲ್ಲ. ಸುಳ್ಳು ಮಾತ್ರ ಹೇಳಿಸಬೇಡಿ.’ ಇದನ್ನು ಬೆಳಗಿನ ಫ್ಲೈಟ್‌ಗೆ ಕಾಯುವಾಗ ಕೇಳಿ. ಸಕ್ಸಸ್ ಮೀಟ್ ಮುಗಿದ ರಾತ್ರಿ ಎಲ್ಲದಕ್ಕೂ ಹೂಂ ಅಂದುಬಿಡುತ್ತಾರೆ.